ಗೊಡ್ಡು ಬೆಣಚು, ಬೂದು ಬೆಣಚು: ಕೆ.ಆರ್. ಪೇಟೆಯ ಗುಡ್ಡದಲ್ಲಿ ಚಿನ್ನ ಹುಡುಕಿದ ನನ್ನ ಅನುಭವ

"ನೀರು ಬಿತ್ತಾ ಸಾಮಿ?"

ಕೆ.ಆರ್. ಪೇಟೆ ತಾಲೂಕಿನ ಆ ಗುಡ್ಡದ ಬುಡದಲ್ಲಿ ರಿಗ್ ನಿಲ್ಲಿಸಿದ ದಿನದಿಂದ ದಾರಿಯಲ್ಲಿ ಹೋಗುವವರೆಲ್ಲ ಕೇಳಿದ್ದು ಇದನ್ನೇ. ಅವರ ತಪ್ಪೇನಿಲ್ಲ. ಮಂಡ್ಯ ಜಿಲ್ಲೆಯಲ್ಲಿ ಕೊರೆಯುವ ಗಾಡಿ ಬಂತು ಅಂದರೆ ತಿರುಚೆಂಗೋಡಿನ ಬೋರ್‌ವೆಲ್ ಲಾರಿ ಅಂತಲೇ ಲೆಕ್ಕ. ಆದರೆ ನಾವು ನೀರು ಹುಡುಕುತ್ತಿರಲಿಲ್ಲ. ನೀರನ್ನು ನಾವೇ ಟ್ಯಾಂಕರ್‌ನಲ್ಲಿ ತರಿಸಿ ಹೋಲ್‌ನೊಳಗೆ ಸುರಿಯುತ್ತಿದ್ದೆವು.

ಬೋರ್‌ವೆಲ್‌ನಲ್ಲಿ ಹ್ಯಾಮರ್ ಕಲ್ಲನ್ನು ಕುಟ್ಟಿ ಪುಡಿ ಮಾಡುತ್ತದೆ, ಗಾಳಿ ಆ ಪುಡಿಯನ್ನು ಮೇಲೆ ಎಸೆಯುತ್ತದೆ. ಒಂದೇ ದಿನಕ್ಕೆ ನೂರಾರು ಅಡಿ ಇಳಿಯುತ್ತದೆ. ನಮ್ಮದು ವಜ್ರದ ಚೂರು ಕೂರಿಸಿದ ಬಿಟ್, ಬಳೆಯ ಹಾಗೆ ನಡುವೆ ಖಾಲಿ. ಅದು ಸುತ್ತುತ್ತಾ ಇಳಿದಂತೆ ನಡುವಿನ ಕಲ್ಲು ಉದ್ದನೆಯ ಕಂಬಿಯಾಗಿ ರಾಡ್‌ನೊಳಗೆ ಏರುತ್ತದೆ. ಇದೇ ಕೋರ್. ನಾವು ತೆಗೆದದ್ದು 47.6 ಮಿಲಿಮೀಟರ್ ದಪ್ಪದ್ದು. ಒಂದು ಮೀಟರ್ ಉದ್ದದ ತುಂಡು ಸುಮಾರು 5 ಕೆ.ಜಿ. ತೂಗುತ್ತದೆ. ದಿನವಿಡೀ ರಿಗ್ ಓಡಿಸಿದರೂ 20 ಮೀಟರ್ ಬಂದರೆ ಆ ದಿನ ಚೆನ್ನಾಗಿತ್ತು ಅನ್ನುತ್ತಿದ್ದೆವು.

ನಾನು ಓದಿದ್ದು ಮೈಸೂರಿನ ಮಾನಸಗಂಗೋತ್ರಿಯಲ್ಲಿ, ಭೂವಿಜ್ಞಾನ. ಬೇರೆ ಕಡೆ ಕೆಲವು ವರ್ಷ ಕೆಲಸ ಮಾಡಿ, ನಮ್ಮ ಊರಿನ ಹತ್ತಿರದ ಗುಡ್ಡದಲ್ಲೇ ಕೊರೆಯುವ ಅವಕಾಶ ಬಂದಾಗ ಆದ ಸಂತೋಷ ಅಷ್ಟಿಷ್ಟಲ್ಲ. ಈ ಭಾಗದಲ್ಲಿ ಎಲ್ಲಿ ನೋಡಿದರೂ ಗ್ನೈಸ್ ಕಲ್ಲು. ಅದರ ನಡುವೆ ಅಲ್ಲಲ್ಲಿ ಕಪ್ಪು-ಹಸಿರು ಶಿಸ್ಟ್ ಕಲ್ಲಿನ ಪಟ್ಟಿಗಳು ಹಾದುಹೋಗುತ್ತವೆ. ಕೋಲಾರದ ಚಿನ್ನ, ಹಟ್ಟಿಯ ಚಿನ್ನ ಎರಡೂ ಇಂಥ ಪಟ್ಟಿಗಳಲ್ಲೇ ಇರುವುದು. ನಮ್ಮ ಗುಡ್ಡದ ಪಟ್ಟಿ ಅವುಗಳ ಮುಂದೆ ತೀರಾ ಚಿಕ್ಕದು.

ಎಲ್ಲಿ ಕೊರೆಯಬೇಕು ಅಂತ ನಮಗೆ ತೋರಿಸಿದ್ದು ಹಳಬರು. ಗುಡ್ಡದ ನೆತ್ತಿಯ ಮೇಲೆ ಅರ್ಧ ಮುಚ್ಚಿಹೋದ ಗುಂಡಿಗಳ ಸಾಲು ಇತ್ತು. ಪಕ್ಕದ ಬಂಡೆಯ ಮೇಲೆ ಒರಳಿನಂಥ ಕುಳಿಗಳು, ಚಿನ್ನ ಇರುವ ಬೆಣಚುಕಲ್ಲು (ಕ್ವಾರ್ಟ್ಜ್) ಕುಟ್ಟಿ ಪುಡಿ ಮಾಡಿದ ಗುರುತು. ಹಟ್ಟಿಯಲ್ಲಿ ಸುಮಾರು ಎರಡು ಸಾವಿರ ವರ್ಷದ ಹಿಂದೆಯೇ ಜನ ಹೀಗೆ ಅಗೆದು ಕುಟ್ಟಿ ಚಿನ್ನ ತೆಗೆದಿದ್ದರು. 1802ರಲ್ಲಿ ಕೋಲಾರದ ಕಡೆ ಸರ್ವೆಗೆ ಬಂದಿದ್ದ ಲೆಫ್ಟಿನೆಂಟ್ ಜಾನ್ ವಾರನ್‌ಗೂ ಹಳ್ಳಿ ಜನರೇ ಮಣ್ಣು ತೊಳೆದು ಚಿನ್ನದ ಕಣ ತೋರಿಸಿದ್ದು. ಆ ಮೇಲೆಯೇ ಅವನು ವರದಿ ಬರೆದ. ಹಳೇ ಗುಂಡಿಗಿಂತ ಒಳ್ಳೆಯ ನಕ್ಷೆ ಇಲ್ಲ ಅಂತ ನಾನು ಇವತ್ತಿಗೂ ನಂಬುತ್ತೇನೆ. ಆ ನಕ್ಷೆಯನ್ನು ಸರಿಯಾಗಿ ಓದಲು ಮಾತ್ರ ನನಗೆ ಐದು ಹೋಲ್ ಬೇಕಾಯಿತು.

ಮೊದಲನೇ ಹೋಲ್‌ನಲ್ಲಿ 48 ಮೀಟರ್ ಆಳದಲ್ಲಿ ಬೆಳ್ಳಗೆ ಹಾಲಿನಂಥ ಬೆಣಚು ಸಿಕ್ಕಿತು. ಒಂದಲ್ಲ, ಸತತ ನಾಲ್ಕು ಮೀಟರ್. ಡ್ರಿಲ್ಲರ್ ಓಡಿ ಬಂದು, "ಸಾರ್, ಬಂತು!" ಅಂದ. ನಾನೂ ಹಿಗ್ಗಿದೆ. ಲ್ಯಾಬ್‌ನಿಂದ ಬಂದ ಅಂಕಿ ಟನ್ನಿಗೆ 0.02 ಗ್ರಾಂ. ಅಂದರೆ ಏನೂ ಇಲ್ಲ. ಜಾಗದ ಮಾಲೀಕರು, ಎಪ್ಪತ್ತು ದಾಟಿದ ಗೌಡರು, ಆ ಬಿಳಿ ತುಂಡನ್ನು ಕೈಯಲ್ಲಿ ತಿರುಗಿಸಿ ನೋಡಿ, "ಇದು ಗೊಡ್ಡು ಬೆಣಚು ಕಣಪ್ಪ. ನಮ್ಮಜ್ಜ ಇದನ್ನು ಬದುವಿಗೆ ಹಾಕೋರು" ಅಂದರು. ಅಂದಿನಿಂದ ನನ್ನ ಲಾಗ್ ಪುಸ್ತಕದಲ್ಲಿ ಆ ಹೆಸರೇ ಉಳಿಯಿತು.

ಬೇಕಾದ ಬೆಣಚು ಬೇರೆ ಥರ ಇರುತ್ತದೆ. ಎರಡನೇ ಹೋಲ್‌ನಲ್ಲಿ ಅದನ್ನು ಮೊದಲ ಸಲ ಕಂಡೆ. ಬಣ್ಣ ಬೂದು. ನಡುವೆ ತೆಳ್ಳನೆಯ ಕಪ್ಪು ಗೆರೆಗಳು, ಪುಸ್ತಕದ ಹಾಳೆ ಒತ್ತಿಟ್ಟ ಹಾಗೆ. ಅಂಚಿನ ಶಿಸ್ಟ್‌ನಲ್ಲಿ ಸೂಜಿಯಂಥ ಬೆಳ್ಳಿ ಬಣ್ಣದ ಹರಳುಗಳು, ಅವು ಆರ್ಸೆನೋಪೈರೈಟ್, ಎಷ್ಟೋ ಸಲ ಚಿನ್ನದ ಜೊತೆಗೇ ಸಿಗುವ ಆರ್ಸೆನಿಕ್ ಖನಿಜ. ಕೋರ್ ಒಣಗಿದ್ದಾಗ ಇದೆಲ್ಲ ಕಾಣುವುದಿಲ್ಲ. ಸ್ಪಂಜಿನಿಂದ ನೀರು ಸವರಬೇಕು, ಬೆಳಗಿನ ಬಿಸಿಲಿಗೆ ಹಿಡಿಯಬೇಕು, ಲೆನ್ಸ್ ಕಣ್ಣಿಗೆ ಒತ್ತಿಕೊಂಡು ನೋಡಬೇಕು. ಆ ಹರಳಿನ ಮೇಲೆ ಸುತ್ತಿಗೆಯಿಂದ ಬಡಿದರೆ ಬೆಳ್ಳುಳ್ಳಿ ವಾಸನೆ ಬರುತ್ತದೆ. ಹಳದಿ ಕಣ ಕಂಡರೆ ಸೂಜಿಯಿಂದ ಚುಚ್ಚುತ್ತಿದ್ದೆ. ಚಿನ್ನದ ಹಾಗೇ ಹೊಳೆಯುವ ಪೈರೈಟ್ ಆದರೆ ಪುಡಿಯಾಗುತ್ತದೆ, ಚಿನ್ನವಾದರೆ ಸೂಜಿ ಇಳಿಯುತ್ತದೆ. ಎರಡನೇ ಹೋಲ್‌ನ ಆ ಬೂದು ಬೆಣಚು ಬರೀ 40 ಸೆಂಟಿಮೀಟರ್. ಅದರಲ್ಲಿ ಟನ್ನಿಗೆ 1.8 ಗ್ರಾಂ ಇತ್ತು.

ಅದೇ ಹೋಲ್‌ನಲ್ಲಿ ಇನ್ನೊಂದು ಪಾಠವೂ ಆಯಿತು. ಬೆಣಚಿನ ಪಕ್ಕದ ಕಲ್ಲು ನುರಿದು ಮೆತ್ತಗಾಗಿತ್ತು. 3 ಮೀಟರ್ ಕೊರೆದರೆ ಕೈಗೆ ಬಂದದ್ದು 2.1 ಮೀಟರ್ ಕೋರ್. ಉಳಿದದ್ದು ನೀರಿನ ಜೊತೆ ಕೊಚ್ಚಿ ಹೋಯಿತು. ಹಾಗೆ ಹೋಗುವುದು ಗಟ್ಟಿ ಕಲ್ಲಲ್ಲ, ಮೆತ್ತನೆಯ ಭಾಗ. ಚಿನ್ನ ಇರುವುದೂ ಎಷ್ಟೋ ಸಲ ಅಲ್ಲಿಯೇ. ಆಮೇಲೆ ಅಂಥ ಜಾಗ ಹತ್ತಿರ ಬರುತ್ತಿದ್ದಂತೆ ಒಂದೊಂದೇ ಮೀಟರ್ ಕೊರೆದು ಎತ್ತುವಂತೆ ಡ್ರಿಲ್ಲರ್‌ಗೆ ಹೇಳಿದೆ. ಮೀಟರ್ ಲೆಕ್ಕದಲ್ಲಿ ದುಡ್ಡು ತೆಗೆದುಕೊಳ್ಳುವವರಿಗೆ ಇದು ನಷ್ಟದ ಕೆಲಸ. ಹಾಗಾಗಿ ಆ ಮೀಟರ್‌ಗಳಿಗೆ ಬೇರೆ ದರ ಮಾತಾಡಿಕೊಂಡೆವು.

ಇನ್ನು ಮೂರನೇ ಹೋಲ್. ಇದರ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು.

ಬೆಣಚಿನ ಎಳೆ, ಅಂದರೆ ಕಲ್ಲಿನೊಳಗೆ ಹಲಗೆಯ ಹಾಗೆ ನಿಂತ ಬೆಣಚಿನ ಪದರ, ನೆಲಮಟ್ಟದಿಂದ ಸುಮಾರು 75 ಡಿಗ್ರಿ ಕಡಿದಾಗಿ ಪಶ್ಚಿಮಕ್ಕೆ ಇಳಿಯುತ್ತಿತ್ತು. ಮೊದಲೆರಡು ಹೋಲ್‌ಗಳನ್ನು ಪಶ್ಚಿಮದಿಂದ ಪೂರ್ವಕ್ಕೆ 60 ಡಿಗ್ರಿ ಓರೆಯಾಗಿ ಕೊರೆದಿದ್ದೆವು. ಮೂರನೆಯದಕ್ಕೆ ರಿಗ್ ಇನ್ನೂ ಹಿಂದಕ್ಕೆ ಹೋಗಬೇಕಿತ್ತು. ಅಲ್ಲಿ ಕಬ್ಬು ನಿಂತಿತ್ತು, ಕಟಾವಿಗೆ ಇನ್ನೂ ಎರಡು ತಿಂಗಳು. ಬೆಳೆದು ನಿಂತ ಕಬ್ಬು ತುಳಿಯಲು ಮನಸ್ಸು ಬರಲಿಲ್ಲ. ಎಳೆಗೆ ಹತ್ತಿರದಲ್ಲೇ ರಿಗ್ ನಿಲ್ಲಿಸಿ, ಹೋಲನ್ನು 75 ಡಿಗ್ರಿಗೆ ಕಡಿದಾಗಿಸಿದೆವು. 62 ಮೀಟರ್ ಹತ್ತಿರ ಬೂದು ಬೆಣಚು ಬಂತು. ಕತ್ತರಿಸಿದ ಅರ್ಧ ಕೋರ್ ಲ್ಯಾಬ್‌ಗೆ ಹೋಯಿತು. ಮೂರು ವಾರದ ಮೇಲೆ ಬಂದ ಹಾಳೆಯಲ್ಲಿ ಒಂದು ಮೀಟರ್ ಉದ್ದದಲ್ಲಿ ಟನ್ನಿಗೆ 14.2 ಗ್ರಾಂ! ಅದರ ಕೆಳಗಿನ ಐದು ಮೀಟರ್‌ನಲ್ಲಿ ಸರಾಸರಿ 0.2 ಗ್ರಾಂ.

ಆಫೀಸಿನಿಂದ ಫೋನ್ ಬಂತು. 14.2 ಮತ್ತು ಐದು ಸಲ 0.2 ಸೇರಿಸಿ ಆರರಿಂದ ಭಾಗಿಸಿದರೆ 2.5. "ಆರು ಮೀಟರ್, 2.5 ಗ್ರಾಂ" ಅಂತ ಬರೆದು ಕಳಿಸಿ ಅಂದರು. ಲೆಕ್ಕ ಸರಿಯಾಗಿಯೇ ಇದೆ. ಆದರೆ ಓದುವವರಿಗೆ ಆರು ಮೀಟರ್ ಉದ್ದಕ್ಕೂ ಚಿನ್ನ ಇದೆ ಅಂತ ಅನಿಸುತ್ತದೆ ಅಲ್ವಾ? ಇರುವುದು ಒಂದೇ ಮೀಟರ್‌ನಲ್ಲಿ. ನನಗೆ ಬರೆಯಲು ಕೈ ಬರಲಿಲ್ಲ, ಎರಡು ವಾರ ಟೈಮ್ ಕೇಳಿದೆ.

ಮೊದಲು ನೋಡಿದ್ದು ಬ್ಲ್ಯಾಂಕ್. ಪ್ರತಿ ಇಪ್ಪತ್ತು ಸ್ಯಾಂಪಲ್‌ಗೆ ಒಂದರಂತೆ ಚಿನ್ನ ಇಲ್ಲದ ಗ್ನೈಸ್ ಜಲ್ಲಿಯನ್ನು ನಾವೇ ಚೀಲಕ್ಕೆ ಹಾಕಿ, ನಂಬರ್ ಬರೆದು, ಮಿಕ್ಕವುಗಳ ನಡುವೆ ಸೇರಿಸುತ್ತೇವೆ. ಚಿನ್ನ ಇರಬಹುದು ಅನ್ನಿಸಿದ ಸ್ಯಾಂಪಲ್ ಆದ ಕೂಡಲೇ ಇನ್ನೊಂದು ಹಾಕುತ್ತೇವೆ. ಅದು ಸೊನ್ನೆ ತೋರಿಸಬೇಕು. 14.2ರ ನಂತರದ ನಮ್ಮ ಬ್ಲ್ಯಾಂಕ್ 0.31 ತೋರಿಸಿತ್ತು. ಅದರ ಮುಂದಿನ ಮೀಟರ್‌ಗಳು 0.3ರಿಂದ ಶುರುವಾಗಿ ಒಂದೊಂದಾಗಿ ಇಳಿಯುತ್ತಾ ಹೋಗಿದ್ದವು. ಮಸಾಲೆ ರುಬ್ಬಿದ ಮಿಕ್ಸಿ ಜಾರನ್ನು ತೊಳೆಯದೆ ಹಿಟ್ಟು ರುಬ್ಬಿದರೆ ಏನಾಗುತ್ತದೋ ಅದೇ ಆಗಿತ್ತು. ಲ್ಯಾಬ್‌ನ ಪುಡಿ ಮಾಡುವ ಬೋಗುಣಿಯಲ್ಲಿ ಹಿಂದಿನ ಸ್ಯಾಂಪಲ್‌ನ ಚಿನ್ನ ಉಳಿದು ಮುಂದಿನದಕ್ಕೆ ಅಂಟಿಕೊಂಡಿತ್ತು. ಪ್ರತಿ ಸ್ಯಾಂಪಲ್ ನಡುವೆ ಬರೀ ಬೆಣಚು ಹಾಕಿ ಬೋಗುಣಿ ತೊಳೆದು, ಮತ್ತೆ ಮಾಡಿ ಕೊಡಿ ಅಂತ ಬರೆದೆ. ಆ ಐದು ಮೀಟರ್‌ಗಳೂ 0.03ಕ್ಕಿಂತ ಕೆಳಗಿಳಿದವು.

ಮುಂದಿನದು 14.2. ಲ್ಯಾಬ್‌ನಲ್ಲಿ ಸೀಸದ ಜೊತೆ ಕರಗಿಸಿ ಪರೀಕ್ಷೆ ಮಾಡುವುದು 30 ಗ್ರಾಂ ಪುಡಿಯನ್ನು ಮಾತ್ರ. ಎರಡೂವರೆ ಕೆ.ಜಿ. ಅರ್ಧ ಕೋರ್‌ನಿಂದ 30 ಗ್ರಾಂ! 0.3 ಮಿಲಿಮೀಟರ್‌ನ ಒಂದೇ ಒಂದು ಚಿನ್ನದ ಕಾಳು, ಅಂದರೆ ಚಿರೋಟಿ ರವೆಯ ಒಂದು ಕಾಳಿನಷ್ಟು, ಆ 30 ಗ್ರಾಂನಲ್ಲಿ ಬಿದ್ದರೆ ಸಾಕು, ಅಂಕಿ ಟನ್ನಿಗೆ 9 ಗ್ರಾಂ ತೋರಿಸುತ್ತದೆ. ಬೀಳದಿದ್ದರೆ ಅದೇ ಕಲ್ಲು ಗೊಡ್ಡು ಅನ್ನಿಸುತ್ತದೆ. ಚಿನ್ನ ಕಲ್ಲಿನಲ್ಲಿ ಉಪ್ಪಿನ ಹಾಗೆ ಕರಗಿ ಹರಡಿರುವುದಿಲ್ಲ. ಒಗ್ಗರಣೆಯ ಸಾಸಿವೆಯ ಹಾಗೆ ಅಲ್ಲಲ್ಲಿ ಬಿದ್ದಿರುತ್ತದೆ. ಒಂದು ಚಮಚದಲ್ಲಿ ನಾಲ್ಕು ಕಾಳು ಬರಬಹುದು, ಇನ್ನೊಂದರಲ್ಲಿ ಒಂದೂ ಇಲ್ಲ.

ಅದಕ್ಕೆ ಲ್ಯಾಬ್‌ನಲ್ಲಿ ಉಳಿದಿದ್ದ ನುಚ್ಚಿನಿಂದ ಒಂದು ಕೆ.ಜಿ. ತೆಗೆದು ಪುಡಿ ಮಾಡಿ, ಜರಡಿ ಹಿಡಿಸಿ, ಮೇಲೆ ಉಳಿದ ದಪ್ಪ ಕಣಗಳನ್ನೆಲ್ಲ ಪೂರ್ತಿ ಪರೀಕ್ಷೆ ಮಾಡಿಸಿದೆ. 3.4 ಬಂತು. ಬಾಕ್ಸ್‌ನಲ್ಲಿದ್ದ ಇನ್ನರ್ಧ ಕೋರ್‌ನಿಂದ ಕಾಲು ಭಾಗ ಕತ್ತರಿಸಿ ಕಳಿಸಿದೆ. 2.6 ಬಂತು.

ಕೊನೆಗೆ ಕೋನ. ಎಳೆಯೂ 75, ಹೋಲೂ 75. ಎದುರುಬದುರು ಇಳಿಯುವ ಇವೆರಡರ ನಡುವಿನ ಕೋನ ಬರೀ 30 ಡಿಗ್ರಿ. ಸೌತೆಕಾಯಿಯನ್ನು ಓರೆಯಾಗಿ ಹೆಚ್ಚಿದರೆ ಬಿಲ್ಲೆ ಉದ್ದ ಕಾಣುವ ಹಾಗೆ, ಓರೆಯಾಗಿ ಕೊರೆದರೆ ಎಳೆ ದಪ್ಪ ಕಾಣುತ್ತದೆ. 30 ಡಿಗ್ರಿಯಲ್ಲಿ ನಿಜವಾದ ದಪ್ಪ ಕೋರ್‌ನಲ್ಲಿ ಕಂಡದ್ದರ ಅರ್ಧ. "ಆರು ಮೀಟರ್, 2.5 ಗ್ರಾಂ" ಆಗಬೇಕಿದ್ದದ್ದು ಕೊನೆಗೆ "ಅರ್ಧ ಮೀಟರ್, ಸುಮಾರು 3 ಗ್ರಾಂ" ಆಯಿತು. ಹಾಗೆಯೇ ಬರೆದು ಕಳಿಸಿದೆ. ಆಫೀಸಿನಲ್ಲಿ ಬೇಸರವಾಯಿತು. ನನಗೂ ಆಯಿತು, ಸುಳ್ಳು ಹೇಳುವುದಿಲ್ಲ.

ಅಂಕಿಗಳ ವಿಷಯದಲ್ಲಿ ನಮ್ಮ ಜಿಲ್ಲೆ ಆಗಲೇ ಒಮ್ಮೆ ಹೀಗೆ ನೊಂದಿದೆ. 2020ರಲ್ಲಿ ಮರಳಗಾಲ–ಅಲ್ಲಾಪಟ್ಟಣದ ಲಿಥಿಯಂ 14,100 ಟನ್ ಅಂತ ಸುದ್ದಿಯಾಯಿತು. ಹೋಟೆಲ್‌ಗಳಲ್ಲೆಲ್ಲ ಅದೇ ಮಾತು. ಮರುವರ್ಷ ಸರ್ಕಾರ ಕೊಟ್ಟ ಅಂಕಿ 1,600 ಟನ್. ಮೊದಲ ಅಂಕಿ ಎಲ್ಲರಿಗೂ ನೆನಪಿದೆ, ಎರಡನೆಯದು ನೆನಪಿರುವವರು ಕಡಿಮೆ.

ನಾಲ್ಕು ಮತ್ತು ಐದನೇ ಹೋಲ್‌ಗಳನ್ನು ಹಳೇ ಗುಂಡಿಗಳಲ್ಲೇ ದೊಡ್ಡದರ ನೇರ ಕೆಳಗೆ ಗುರಿಯಿಟ್ಟು ಕೊರೆದೆವು. ಮೇಲೆ ಅಷ್ಟು ಅಗೆದಿದ್ದಾರೆ ಅಂದರೆ ಕೆಳಗೂ ಇರಬೇಕು ಅಂತ. ಎಳೆ ಸಿಕ್ಕಿತು, ಚಿನ್ನ ಇಲ್ಲ. ಎರಡೂ ಕಡೆ ಗೊಡ್ಡು ಬೆಣಚು.

ರಿಗ್ ನಿಲ್ಲಿಸಿ ಒಂದು ವಾರ ಗುಡ್ಡದ ಮೇಲೆಯೇ ಕಳೆದೆ. ಗೌಡರ ಮನೆಯಿಂದ ಮುದ್ದೆ, ಉಪ್ಸಾರು ಬರುತ್ತಿತ್ತು. ಹಳೇ ಗುಂಡಿಗಿಳಿದು ಪೊರಕೆಯಿಂದ ಗೋಡೆ ಗುಡಿಸಿದೆ. ಶಿಸ್ಟ್‌ನ ಮೈಮೇಲೆ ಸಣ್ಣ ಸುಕ್ಕುಗಳಿದ್ದವು, ನಿರಿಗೆ ಹಿಡಿದ ಸೀರೆಯ ಹಾಗೆ. ಎಲ್ಲವೂ ಒಂದೇ ದಿಕ್ಕಿಗೆ ವಾಲಿದ್ದವು. ಕಂಪಾಸ್ ಇಟ್ಟು ಮೂವತ್ತಕ್ಕೂ ಹೆಚ್ಚು ಕಡೆ ಅಳೆದೆ. ಉತ್ತರಕ್ಕೆ, ಸುಮಾರು 45 ಡಿಗ್ರಿ. ರಾತ್ರಿ ಗ್ರಾಫ್ ಹಾಳೆಯ ಮೇಲೆ ಎಳೆಯನ್ನು ಪಕ್ಕದಿಂದ ನೋಡಿದ ಹಾಗೆ ಬಿಡಿಸಿ, ಪ್ರತಿ ಹೋಲ್ ಅದನ್ನು ಚುಚ್ಚಿದ ಜಾಗದಲ್ಲಿ ಗ್ರಾಂ ಮತ್ತು ದಪ್ಪ ಗುಣಿಸಿದ ಅಂಕಿ ಬರೆದೆ. ದೊಡ್ಡ ಗುಂಡಿ, ಎರಡನೇ ಹೋಲ್, ಮೂರನೇ ಹೋಲ್. ಗೋಡೆಗೆ ಒರಗಿಸಿದ ಏಣಿಯ ಹಾಗೆ ಮೂರೂ ಓರೆ ಗೆರೆಯ ಮೇಲೆ ಕೂತವು. ಆ ಗೆರೆಯೂ ಉತ್ತರಕ್ಕೇ ಇಳಿಯುತ್ತಿತ್ತು.

ಚಿನ್ನ ಎಳೆಯ ತುಂಬ ಹರಡಿರಲಿಲ್ಲ. ಎಳೆಯೊಳಗೆ ಒಂದು ಪಟ್ಟೆಯಾಗಿ ಓರೆಯಾಗಿ ಇಳಿದಿತ್ತು. 45 ಡಿಗ್ರಿ ಅಂದರೆ 80 ಮೀಟರ್ ಕೆಳಗೆ ಹೋಗುವಷ್ಟರಲ್ಲಿ 80 ಮೀಟರ್ ಪಕ್ಕಕ್ಕೂ ಸರಿದಿರುತ್ತದೆ. ಗುಂಡಿಯ ನೇರ ಕೆಳಗೆ ಅದು ಸಿಗುವುದಾದರೂ ಹೇಗೆ? ನಾಲ್ಕು, ಐದನ್ನು ನಾನು ದಂಡ ಅಂತ ಯಾವತ್ತೂ ಅಂದುಕೊಂಡಿಲ್ಲ. ಅವು ಖಾಲಿ ಬರದಿದ್ದರೆ ಆ ಗೆರೆ ಕಾಣುತ್ತಿರಲಿಲ್ಲ.

ಆರನೇ ಹೋಲನ್ನು ಗುಂಡಿಯಿಂದ 80 ಮೀಟರ್ ಉತ್ತರಕ್ಕೆ ಇಟ್ಟೆವು. ಅಷ್ಟರಲ್ಲಿ ಕಬ್ಬು ಕಟಾವಾಗಿತ್ತು. ರಿಗ್ ಬೇಕಾದಷ್ಟು ಹಿಂದಕ್ಕೆ ಹೋಯಿತು, ಓರೆ ಮತ್ತೆ 60 ಡಿಗ್ರಿಗೆ ಬಂತು. 91 ಮೀಟರ್ ಆದಾಗ ರಾಡ್‌ನಿಂದ ಜಾರಿ ಬಂದ ಕೋರ್‌ಗೆ ಡ್ರಿಲ್ಲರ್ ನೀರು ಸುರಿದ. ಬೂದು ಬಣ್ಣ. ಯಾರೂ ಮಾತಾಡಲಿಲ್ಲ.

ನಾಲ್ಕು ಸ್ಯಾಂಪಲ್‌ಗಳಲ್ಲಿ 2.4, 4.1, 3.6, 1.9. ಕೋರ್‌ನಲ್ಲಿ 3.8 ಮೀಟರ್ ಉದ್ದ, ನಿಜವಾದ ದಪ್ಪ 2.7 ಮೀಟರ್, ಸರಾಸರಿ 3 ಗ್ರಾಂ. ಬ್ಲ್ಯಾಂಕ್ ಸೊನ್ನೆ. ಮತ್ತೆ ಮಾಡಿಸಿದ ಪರೀಕ್ಷೆಯಲ್ಲೂ ಅಂಕಿ ಅಲ್ಲಲ್ಲೇ ನಿಂತಿತು. 14.2 ಬಂದ ದಿನಕ್ಕಿಂತ ನೂರು ಪಾಲು ಸಂತೋಷ ನನಗೆ ಆ ದಿನ ಆಯಿತು.

ಏಳನೆಯದನ್ನು ಅದೇ ಗೆರೆಯಲ್ಲಿ ಇನ್ನೂ ಕೆಳಗೆ ಕೊರೆದೆವು. ಅಲ್ಲಿ 1.9 ಗ್ರಾಂ, ದಪ್ಪ ಸ್ವಲ್ಪ ಕಡಿಮೆ. ಎಂಟನೆಯದನ್ನು ಬೇಕಂತಲೇ ಗೆರೆಯಿಂದ ಹೊರಗೆ ಇಟ್ಟೆವು, ಪಟ್ಟೆ ಎಲ್ಲಿ ಮುಗಿಯುತ್ತದೆ ಅಂತ ತಿಳಿಯಲು. ಖಾಲಿ ಬಂತು. ಆಫೀಸಿನವರು ಒಟ್ಟು ಎಷ್ಟು ಟನ್ ಅದಿರು ಅಂತ ಬರೆಯಲು ಹೇಳಿದರು. ಗೆರೆಯ ಮೇಲೆ ಕೊರೆದ ಹೋಲ್ ನಾಲ್ಕೇ, ಅದರಲ್ಲಿ ನಂಬುವಂಥ ದಪ್ಪ ಸಿಕ್ಕಿದ್ದು ಎರಡರಲ್ಲಿ. ಟನ್ ಲೆಕ್ಕ ಈಗ ಆಗುವುದಿಲ್ಲ, ನಡುನಡುವೆ ಇನ್ನೂ ಆರು ಹೋಲ್ ಬೇಕು ಅಂತ ಬರೆದೆ.

ರಿಗ್ ಹೋಗುವ ದಿನ ಗೌಡರು ಕೇಳಿದರು, "ಐತಾ ಇಲ್ವಾ, ಅದೊಂದು ಹೇಳು." ಗುಡ್ಡದ ಉತ್ತರ ದಿಕ್ಕಿಗೆ ಕೈ ಓರೆಯಾಗಿ ಚಾಚಿ ತೋರಿಸಿ, "ಹೀಗೆ ಇಳಿದಿದೆ ಗೌಡ್ರೇ. ಎಷ್ಟು ದೂರ ಹೋಗಿದೆ ಅಂತ ಇನ್ನೂ ಕೊರೆದೇ ನೋಡಬೇಕು" ಅಂದೆ. ಅವರು ತುಂಬ ಹೊತ್ತು ಆ ಕಡೆಯೇ ನೋಡುತ್ತಾ ನಿಂತರು.

ಹೋಲ್‌ಗಳ ಬಾಯಿಗೆ ಸಿಮೆಂಟ್ ಹಾಕಿ, ಹಸಿ ಇರುವಾಗಲೇ ಮೊಳೆಯಿಂದ ನಂಬರ್ ಗೀಚಿದ್ದೇವೆ. ಕೋರ್ ಬಾಕ್ಸ್‌ಗಳೆಲ್ಲ ಶೆಡ್ಡಿನಲ್ಲಿವೆ. ಮೂರನೇ ಹೋಲ್‌ನ ಆ ಒಂದು ಮೀಟರ್‌ನಲ್ಲಿ ಈಗ ಉಳಿದಿರುವುದು ಕಾಲು ಭಾಗ. ಅದನ್ನು ಇನ್ನು ಕತ್ತರಿಸಬಾರದು ಅಂತ ಬಾಕ್ಸ್‌ನ ಮೇಲೆ ಕೆಂಪು ಪೇಂಟಿನಲ್ಲಿ ಬರೆಸಿದ್ದೇನೆ.