ಕ್ಯಾಂಪರ್ ಹೊತ್ತ ಪಿಕಪ್‌ಗೆ ಹಿಂದಿನ ಕ್ಯಾಮೆರಾ: ನಾನೇ ಹಾಕಿಕೊಂಡ ಬಗೆ

ಅಮೆರಿಕದ ಪಿಕಪ್ ಟ್ರಕ್ಕುಗಳಲ್ಲಿ ಹಿಂದಿನ ಕ್ಯಾಮೆರಾ ಇರುವುದು ಟೇಲ್‌ಗೇಟ್‌ನಲ್ಲಿ, ಅಂದರೆ ತೊಟ್ಟಿಯ ಹಿಂದಿನ ಬಾಗಿಲಿನಲ್ಲಿ, ಅದರ ಹಿಡಿಯ ಹತ್ತಿರ. ಕ್ಯಾಂಪರ್ ಏರಿಸಬೇಕಾದರೆ ನಾವು ಮೊದಲು ಕಳಚಿ ಗ್ಯಾರೇಜಿನಲ್ಲಿ ಇಡುವುದು ಅದೇ ಟೇಲ್‌ಗೇಟನ್ನು. ಅಲ್ಲಿಗೆ ಕ್ಯಾಮೆರಾ ಹೋಯಿತು. ಒಳಗಿನ ಕನ್ನಡಿಯಲ್ಲಿ ಕ್ಯಾಂಪರಿನ ಮುಂಗೋಡೆ ಬಿಟ್ಟು ಬೇರೇನೂ ಕಾಣುವುದಿಲ್ಲ. ಉಳಿಯುವುದು ಪಕ್ಕದ ಎರಡು ಕನ್ನಡಿ. ಗಾಡಿಯ ಬೆನ್ನ ಹಿಂದೆ ಸರಿಯಾಗಿ ನಡುವೆ ಏನಿದೆ ಎಂಬುದು ಅವುಗಳಿಗೂ ಸಿಗುವುದಿಲ್ಲ.

ಟ್ರಕ್ ಕ್ಯಾಂಪರ್ ನೋಡಿಲ್ಲದವರಿಗೆ ಒಂದು ಮಾತು. ಅದು ಎಳೆದುಕೊಂಡು ಹೋಗುವ ಟ್ರೇಲರ್ ಅಲ್ಲ. ಹಾಸಿಗೆ, ಒಲೆ, ಫ್ರಿಜ್ ಎಲ್ಲ ಇರುವ ಪುಟ್ಟ ಕೋಣೆಯೊಂದು ಪಿಕಪ್‌ನ ಹಿಂದಿನ ತೊಟ್ಟಿಯೊಳಗೆ ಕೂರುತ್ತದೆ. ನಾಲ್ಕು ಮೂಲೆಗೂ ಜ್ಯಾಕ್ ಇರುತ್ತವೆ. ಜ್ಯಾಕ್ ಮೇಲೆ ಕೋಣೆಯನ್ನು ಎತ್ತಿ ನಿಲ್ಲಿಸಿ, ಅಡಿಯಿಂದ ಟ್ರಕ್ ಹೊರಗೆ ತಂದರೆ ಅದು ಮತ್ತೆ ಬರೀ ಪಿಕಪ್. ನನ್ನದು 2019ರ ಫೋರ್ಡ್ ಎಫ್-250. ಕ್ಯಾಲಿಫೋರ್ನಿಯಾದ ಬೆಟ್ಟಗಳಿಗೆ, ನೆವಾಡಾದ ಬಯಲುಗಳಿಗೆ ನಮ್ಮ ಮನೆಮಂದಿ ಹೋಗುವುದು ಇದರಲ್ಲೇ.

ಕ್ಯಾಮೆರಾ ಇಲ್ಲದೆ ಹಿಂದಕ್ಕೆ ತೆಗೆಯಬಾರದು ಎಂದು ನಾನು ಹಟ ಹಿಡಿಯಲು ಕಾರಣವಿದೆ. ನ್ಯೂಯಾರ್ಕ್ ರಾಜ್ಯದಲ್ಲಿ 2002ರಲ್ಲಿ ಕ್ಯಾಮೆರಾನ್ ಗುಲ್‌ಬ್ರಾನ್‌ಸನ್ ಎಂಬ ಎರಡು ವರ್ಷದ ಮಗು ಮನೆಯ ಮುಂದೆಯೇ ತಂದೆ ಹಿಂದಕ್ಕೆ ತೆಗೆಯುತ್ತಿದ್ದ ಗಾಡಿಗೆ ಸಿಕ್ಕಿ ಸತ್ತಿತು. ಆ ಮಗುವಿನ ಹೆಸರಿನಲ್ಲೇ ಕಾನೂನು ಬಂತು, 2008ರಲ್ಲಿ ಅದಕ್ಕೆ ಸಹಿ ಬಿತ್ತು. ಅದರಿಂದ ಹುಟ್ಟಿದ ನಿಯಮ 2018ರ ಮೇ ತಿಂಗಳಿಂದ ಪೂರ್ತಿ ಜಾರಿಯಾಯಿತು. ಒಟ್ಟು ತೂಕದ ಮಿತಿ 10,000 ಪೌಂಡ್ ಅಥವಾ ಕಡಿಮೆ ಇರುವ ಪ್ರತಿ ಹೊಸ ಗಾಡಿಯೂ ಹಿಂದಿನ 10 ಅಡಿ ಅಗಲ, 20 ಅಡಿ ಉದ್ದದ ಜಾಗವನ್ನು ಚಾಲಕನಿಗೆ ತೋರಿಸಬೇಕು. ನಾವು ಟೇಲ್‌ಗೇಟ್ ಕಳಚಿದ ಕ್ಷಣ ಆ ಜಾಗ ಮತ್ತೆ ಕತ್ತಲಾಗುತ್ತದೆ. ಕ್ಯಾಂಪ್‌ಗ್ರೌಂಡ್‌ನಲ್ಲಿ ಮಕ್ಕಳು ಸೈಕಲ್ ಓಡಿಸುತ್ತಾ ಯಾವ ಕಡೆಯಿಂದ ಬೇಕಾದರೂ ಬರುತ್ತಾರೆ, ಅಲ್ವಾ? ನನ್ನ ಮಕ್ಕಳೂ ಹಾಗೇ ಓಡಾಡುವವರು.

ಇದನ್ನು ಬೇರೆ ಗಾಡಿಗಳ ಕ್ಯಾಮೆರಾ ಕೆಲಸಕ್ಕಿಂತ ಬೇರೆಯಾಗಿಸುವುದು ಒಂದೇ ಸಂಗತಿ: ಟ್ರಕ್ ಬೇರೆ, ಕ್ಯಾಂಪರ್ ಬೇರೆ. ಪರದೆ ಟ್ರಕ್ಕಿನಲ್ಲಿ, ಕ್ಯಾಮೆರಾ ಕ್ಯಾಂಪರಿನಲ್ಲಿ. ಇವೆರಡೂ ಆಗಾಗ ಬೇರೆಯಾಗುತ್ತವೆ. ಹಾಗಾಗಿ ನಾನು ಮೊದಲು ಯೋಚಿಸಿದ್ದು ಕ್ಯಾಮೆರಾದ ಬಗ್ಗೆ ಅಲ್ಲ, ನಡುವಿನ ಆ ಜೋಡಣೆಯ ಬಗ್ಗೆ.

ವೈರ್‌ಲೆಸ್ ತಗೊಂಡರೆ ಜೋಡಣೆಯೇ ಬೇಡ ಎಂದು ಅನ್ನಿಸುತ್ತದೆ. ಆದರೆ ವೈರ್‌ಲೆಸ್ ಕ್ಯಾಮೆರಾಗೂ ಕರೆಂಟ್ ಬೇಕು. ತುಂಬ ಜನ ಅದನ್ನು ಕ್ಯಾಂಪರಿನ ಹಿಂದೆ, ಮೇಲ್ತುದಿಯಲ್ಲಿರುವ ಕೆಂಪು ದೀಪಗಳಿಂದ ತೆಗೆಯುತ್ತಾರೆ. 80 ಇಂಚು ಅಥವಾ ಹೆಚ್ಚು ಅಗಲದ ಗಾಡಿಗೆ ಇಲ್ಲಿ ಆ ದೀಪಗಳು ಕಡ್ಡಾಯ, ಆದ್ದರಿಂದ ವೈರ್ ಅಲ್ಲೇ ಸಿದ್ಧವಾಗಿ ಸಿಗುತ್ತದೆ. ಟ್ರಕ್ಕಿನ ಪಾರ್ಕಿಂಗ್ ದೀಪ ಹಾಕಿದರೆ ಕ್ಯಾಮೆರಾವೂ ಹತ್ತುತ್ತದೆ. ಸುಲಭದ ದಾರಿ, ಚೆನ್ನಾಗಿಯೂ ಇದೆ. ನಾನು ಅದನ್ನು ಬಿಟ್ಟಿದ್ದು ಇನ್ನೊಂದು ಕಾರಣಕ್ಕೆ. ಕ್ಯಾಮೆರಾಗೂ ಪರದೆಗೂ ನಡುವೆ ಫ್ರಿಜ್, ಅಲ್ಯುಮಿನಿಯಂ ಚೌಕಟ್ಟು, ಟ್ರಕ್ಕಿನ ಕ್ಯಾಬ್ ಎಲ್ಲ ಅಡ್ಡ ಬರುತ್ತವೆ. ಚಿತ್ರ ಅರೆಕ್ಷಣ ನಿಂತರೂ ಆ ಅರೆಕ್ಷಣದಲ್ಲೇ ಮಗು ಓಡಿ ಬರಬಹುದು. ನನಗೆ ತಂತಿಯೇ ಬೇಕಿತ್ತು.

ಟ್ರಕ್ಕಿನದೇ ಪರದೆಗೆ ಹೊಸ ಕ್ಯಾಮೆರಾ ಸೇರಿಸುವ ಯೋಚನೆಯನ್ನೂ ಮಾಡಿದ್ದೆ. ಕಂಪನಿಯ ಸಿಗ್ನಲ್ ಬೇರೆ ಬಗೆಯದಾದರೆ ನಡುವೆ ಇನ್ನೊಂದು ಪೆಟ್ಟಿಗೆ ಬೇಕಾಗುತ್ತದೆ. ಗಾಡಿಯ ಮೂಲ ವೈರಿಂಗ್‌ಗೆ ಕೈ ಹಾಕುವುದು ನನಗೆ ಇಷ್ಟವಿಲ್ಲ. ಹಾಗಾಗಿ ಏಳು ಇಂಚಿನ ಪ್ರತ್ಯೇಕ ಪರದೆ, ಒಂದು ಅಗಲ ನೋಟದ ಕ್ಯಾಮೆರಾ, ತುದಿಯಲ್ಲಿ ತಿರುಗಿಸಿ ಬಿಗಿಯುವ ನಾಲ್ಕು ಪಿನ್ನಿನ ಕನೆಕ್ಟರ್ ಇರುವ ಕೇಬಲ್. ಈ ಬಗೆಯ ಕೇಬಲ್‌ನ ಒಂದು ದೊಡ್ಡ ಅನುಕೂಲ ಎಂದರೆ ಚಿತ್ರವೂ ಕರೆಂಟೂ ಒಂದೇ ತಂತಿಯಲ್ಲಿ ಹೋಗುತ್ತವೆ. ಹಿಂದೆ ಎಲ್ಲೂ ದೀಪದ ವೈರ್ ಕತ್ತರಿಸಬೇಕಿಲ್ಲ. ಕ್ಯಾಮೆರಾ, ಪರದೆ ಎರಡರ ಅರ್ಥಿಂಗ್ ಒಂದೇ ಕಡೆ ಇರುವುದರಿಂದ ಚಿತ್ರದಲ್ಲಿ ಗೆರೆ ಓಡುವ ತೊಂದರೆಯೂ ಕಡಿಮೆ.

ಒಂದು ತೂತನ್ನೂ ಕೊರೆಯುವ ಮುಂಚೆ ಎಲ್ಲವನ್ನೂ ಮನೆಯ ಮುಂದೆ ನೆಲದ ಮೇಲೆ ಹರವಿ, 12 ವೋಲ್ಟಿನ ಬ್ಯಾಟರಿಗೆ ಕೊಟ್ಟು ನೋಡಿದೆ. ಚಿತ್ರ ಬಂತು. ಕನ್ನಡಿಯಂತೆ ಎಡಬಲ ತಿರುಗಿದೆಯಾ ಎಂದೂ ನೋಡಿಕೊಂಡೆ. ಹಿಂದಿನ ಕ್ಯಾಮೆರಾದ ಚಿತ್ರ ಕನ್ನಡಿಯ ಹಾಗೇ ಇರಬೇಕು. ಇಲ್ಲದಿದ್ದರೆ ಪರದೆಯಲ್ಲಿ ಎಡಕ್ಕೆ ಕಾಣುವ ಕಂಬ ನಿಜವಾಗಿ ನಿಮ್ಮ ಬಲಕ್ಕಿರುತ್ತದೆ.

ಕರೆಂಟ್ ಎಲ್ಲಿಂದ? ಫೋರ್ಡ್‌ನ ಈ ಟ್ರಕ್ಕುಗಳಲ್ಲಿ ಚಾಲಕನ ತಲೆಯ ಮೇಲೆ ಅಪ್‌ಫಿಟರ್ ಸ್ವಿಚ್‌ಗಳು ಎಂದು ಆರು ಸ್ವಿಚ್ ಕೊಡುತ್ತಾರೆ, ಕೊಳ್ಳುವಾಗ ಆರಿಸಿಕೊಂಡಿದ್ದರೆ. ಇಂಥ ಹೆಚ್ಚುವರಿ ಕೆಲಸಕ್ಕೆಂದೇ ಇರುವಂಥವು. ಅದರಲ್ಲಿ ಒಂದರ ವೈರ್ ತೆಗೆದು, ನಡುವೆ ಸಣ್ಣ ಫ್ಯೂಸ್ ಇಟ್ಟು ಪರದೆಗೆ ಕೊಟ್ಟೆ. ಈಗ ಹೆದ್ದಾರಿಯಲ್ಲೂ ಕ್ಯಾಮೆರಾ ಹಾಕಿಯೇ ಓಡಿಸುತ್ತೇನೆ. ಹಿಂದೆ ಯಾರು ಅಂಟಿಕೊಂಡು ಬರುತ್ತಿದ್ದಾರೆ ಎಂದು ಕಾಣುತ್ತದೆ. ರಿವರ್ಸ್ ಹಾಕಿದಾಗ ಮಾತ್ರ ದೂರ ತೋರಿಸುವ ಗೆರೆಗಳು ಬರಬೇಕು, ಅದಕ್ಕೆ ರಿವರ್ಸ್ ದೀಪದ ವೈರ್ ಬೇಕು. ಏಳು ಪಿನ್ನಿನ ಟ್ರೇಲರ್ ಪ್ಲಗ್‌ನಲ್ಲಿ ಸಾಮಾನ್ಯವಾಗಿ ನಡುವಿನ ಪಿನ್ ಅದೇ. ವೈರಿನ ಬಣ್ಣ ನಂಬಬೇಡಿ, ಒಬ್ಬೊಬ್ಬರು ಒಂದೊಂದು ಬಣ್ಣ ಹಾಕಿರುತ್ತಾರೆ. ಇಗ್ನಿಷನ್ ಹಾಕಿ, ಎಂಜಿನ್ ಆಫ್ ಇಟ್ಟು, ಹ್ಯಾಂಡ್ ಬ್ರೇಕ್ ಎಳೆದು, ಚಕ್ರಕ್ಕೆ ಅಡ್ಡ ಕೊಟ್ಟು, ರಿವರ್ಸ್ ಗೇರ್ ಹಾಕಿ, ಮಲ್ಟಿಮೀಟರ್ ಹಿಡಿದು ಖಾತ್ರಿ ಮಾಡಿಕೊಳ್ಳಿ.

ಪರದೆಯನ್ನು ಗಾಜಿಗೆ ಅಂಟಿಸದೆ ಡ್ಯಾಶ್‌ಬೋರ್ಡ್ ಮೇಲೆ ತಗ್ಗಿಗೆ ಇಟ್ಟೆ. ಕ್ಯಾಲಿಫೋರ್ನಿಯಾದಲ್ಲಿ ಚಾಲಕನಿಗೆ ಕಾಣುವ ಹಾಗೆ ವಿಡಿಯೊ ಪರದೆ ಇಡುವಂತಿಲ್ಲ. ಆದರೆ ಗಾಡಿಯ ಸುತ್ತಲಿನ ನೋಟ ತೋರಿಸುವ ಪರದೆಗೆ ವಿನಾಯಿತಿ ಇದೆ.

ಕೇಬಲ್ ಕ್ಯಾಬ್‌ನ ನೆಲದ ರಬ್ಬರ್ ಬಿರಡೆಯೊಂದರ ಮೂಲಕ ಕೆಳಗಿಳಿದು, ಚಾಸಿ ಉದ್ದಕ್ಕೂ ಹೋಗಿ, ತೊಟ್ಟಿಯ ಮುಂದಿನ ಮೂಲೆಯಲ್ಲಿ ಮೇಲೆ ಬರುತ್ತದೆ. ಸೈಲೆನ್ಸರ್ ಪೈಪ್ ಇರುವ ಕಡೆ ಬಿಟ್ಟು ಇನ್ನೊಂದು ಕಡೆಯಿಂದ ಎಳೆದೆ. ಎರಡೆರಡು ಗೇಣಿಗೊಮ್ಮೆ ಪಟ್ಟಿ ಹಾಕಿ ಬಿಗಿದೆ. ಆ ಮೂಲೆಯಲ್ಲೇ ಕ್ಯಾಂಪರಿನ ಕರೆಂಟ್ ಪ್ಲಗ್ಗೂ ಇದೆ. ನಾನು ಅತಿ ಹೆಚ್ಚು ಹೊತ್ತು ಕೊಟ್ಟಿದ್ದು ಈ ಜಾಗಕ್ಕೆ. ಕ್ಯಾಮೆರಾ ಕೇಬಲ್ಲನ್ನೂ ಕ್ಯಾಂಪರಿನ ದಪ್ಪ ಕೇಬಲ್ಲನ್ನೂ ಒಂದೇ ಕೊಳವೆಗೆ ತೂರಿಸಿ ಒಂದೇ ಕಟ್ಟು ಮಾಡಿದೆ. ಕೈ ಹಾಕಿದರೆ ಎರಡೂ ಒಟ್ಟಿಗೆ ಸಿಗಬೇಕು, ಕಳಚುವಾಗ ಒಂದು ಮರೆತು ಇನ್ನೊಂದು ಉಳಿಯಬಾರದು. ಉಳಿದರೆ ಟ್ರಕ್ ಮುಂದೆ ಹೋಗುತ್ತಿದ್ದಂತೆ ಕೇಬಲ್ ಕಿತ್ತು ಬರುತ್ತದೆ, ಜೊತೆಗೆ ಕ್ಯಾಂಪರಿನ ಗೋಡೆಯ ಸಾಕೆಟ್ಟೂ ಬರಬಹುದು. ಕ್ಯಾಂಪರ್ ಇಳಿಸುವ ದಿನ ಸ್ಟೀರಿಂಗ್‌ಗೆ ಒಂದು ಕೆಂಪು ಬಟ್ಟೆ ಕಟ್ಟುತ್ತೇನೆ. ಪ್ಲಗ್‌ಗಳನ್ನು ಕೈಯಾರೆ ಕಳಚಿದ ಮೇಲಷ್ಟೇ ಅದನ್ನು ಬಿಚ್ಚುವುದು.

ಕನೆಕ್ಟರ್‌ನ ಎರಡೂ ತುದಿಗೆ ರಬ್ಬರ್ ಮುಚ್ಚಳ ಇರಲಿ. ಪಿನ್‌ಗಳಿಗೆ ನೀರು ತಡೆಯುವ ಡೈಎಲೆಕ್ಟ್ರಿಕ್ ಗ್ರೀಸ್ ಸ್ವಲ್ಪ ಹಚ್ಚಿ. ಸಿಯೆರಾ ಬೆಟ್ಟದ ಹಿಮದ ದಾರಿಯಲ್ಲಿ ಉಪ್ಪು ಹಾಕಿರುತ್ತಾರೆ, ಅದು ಪಿನ್‌ಗಳನ್ನು ಬೇಗ ತಿನ್ನುತ್ತದೆ. ಟೇಲ್‌ಗೇಟ್ ಕಳಚಿದಾಗ ತೆರೆದುಕೊಳ್ಳುವ ಕಂಪನಿಯ ಕನೆಕ್ಟರ್‌ಗೂ ಇದೇ ಉಪಚಾರ ಬೇಕು. ನಾಳೆ ಟೇಲ್‌ಗೇಟ್ ವಾಪಸ್ ಹಾಕಿದಾಗ ಆ ಕ್ಯಾಮೆರಾ ಕೆಲಸ ಮಾಡಬೇಕಲ್ಲ.

ಕ್ಯಾಂಪರಿನೊಳಗೆ ಕೇಬಲ್ ಮೇಲೆ ಹೋಗಲು ಗೋಡೆ, ಚಾವಣಿ ಕೊರೆಯಲೇಬಾರದು ಎಂದುಕೊಂಡಿದ್ದೆ. ಕ್ಯಾಂಪರನ್ನು ಕೊಲ್ಲುವುದು ನೀರು. ಒಂದು ಸಣ್ಣ ತೂತಿನಿಂದ ಒಳಗೆ ಹೋದ ನೀರು ಗೋಡೆಯ ಪದರಗಳನ್ನೇ ಬಿಡಿಸುತ್ತದೆ. ಗ್ಯಾಸ್ ಉರಿಸಿ ತಂಪು ಮಾಡುವ ಫ್ರಿಜ್‌ನ ಬೆನ್ನಿಗೆ ಚಾವಣಿಯವರೆಗೆ ಒಂದು ಗಾಳಿದಾರಿ ಇರುತ್ತದೆ. ಸೋಲಾರ್ ಹಾಕುವವರು ವೈರ್ ಇಳಿಸುವುದೂ ಇದರಲ್ಲೇ. ನಾನೂ ಅದೇ ದಾರಿ ಹಿಡಿದೆ. ಆದರೆ ಫ್ರಿಜ್‌ನ ಬರ್ನರ್, ಹೊಗೆ ಕೊಳವೆ ಕಾಯುತ್ತವೆ. ಅವುಗಳಿಂದ ದೂರ, ಎದುರು ಗೋಡೆಗೆ ಕ್ಲಿಪ್ ಹಾಕಿ ಕೇಬಲ್ ಹಿಡಿಸಬೇಕು. ಮೇಲೆ ಬಂದ ಮೇಲೆ ಚಾವಣಿಯಂಚಿನಲ್ಲಿ ಹಿಂದಿನ ತುದಿಗೆ ಓಡಿಸಿ, ಅಲ್ಲಲ್ಲಿ ಡೈಕಾರ್ ಎಂಬ, ಚಾವಣಿಯ ಸಂದಿ ಮುಚ್ಚುವ ಸೀಲೆಂಟ್ ಸುರಿದು ಕೂರಿಸಿದೆ. ನನ್ನದು ರಬ್ಬರ್ ಚಾವಣಿ. ಅದಕ್ಕೆ ಸಿಲಿಕೋನ್ ಬೇಡವೇ ಬೇಡ. ಸರಿಯಾಗಿ ಅಂಟುವುದೂ ಇಲ್ಲ, ಆಮೇಲೆ ಅದರ ಮೇಲೆ ಬೇರೆ ಯಾವುದೂ ಹಿಡಿಯುವುದಿಲ್ಲ.

ಕ್ಯಾಮೆರಾದ ಜಾಗ ಹಿಂದಿನ ಗೋಡೆಯ ಮೇಲ್ತುದಿ, ನಟ್ಟ ನಡುವೆ. ನೆಲದಿಂದ ಸುಮಾರು 10 ಅಡಿ. ಸ್ಕ್ರೂ ಹಾಕುವ ಮುಂಚೆ ಪೇಂಟರ್ ಟೇಪ್‌ನಲ್ಲಿ ಅಂಟಿಸಿ, ನನ್ನ ಹೆಂಡತಿಯನ್ನು ಪರದೆಯ ಮುಂದೆ ಕೂರಿಸಿದೆ. ಹಿಂದೆ 3, 6, 10 ಅಡಿಗೆ ಸುಣ್ಣದ ಕಡ್ಡಿಯಲ್ಲಿ ಗೆರೆ ಎಳೆದು, ಬಕೆಟ್ಟು, ಮಗನ ಸೈಕಲ್ಲು ಇಟ್ಟೆ.

"ಬಕೆಟ್ ಕಾಣ್ತಿದ್ಯಾ?"

"ಕಾಣ್ತಿದೆ. ಆದ್ರೆ ನಮ್ಮ ಮೆಟ್ಟಿಲು ಕಾಣ್ತಿಲ್ಲ. ಇನ್ನೂ ಕೆಳಗೆ ಬಗ್ಗಿಸಿ."

ಅವಳು ಹೇಳಿದ್ದೇ ಇಡೀ ಕೆಲಸದಲ್ಲಿ ಮುಖ್ಯವಾದದ್ದು. ಪರದೆಯ ಕೆಳಗಂಚಿನಲ್ಲಿ ನಿಮ್ಮದೇ ಗಾಡಿಯ ಕೊನೆ, ಅಂದರೆ ಮೆಟ್ಟಿಲೋ ಬಂಪರ್ರೋ ಕಾಣಲೇಬೇಕು. ಅಗಲ ನೋಟದ ಲೆನ್ಸ್‌ನಲ್ಲಿ ಎಲ್ಲವೂ ಇರುವುದಕ್ಕಿಂತ ದೂರ ಕಾಣುತ್ತದೆ. ಸ್ವಂತ ಗಾಡಿಯ ತುದಿ ಕಣ್ಣಿಗೆ ಬಿದ್ದರೆ ಮಾತ್ರ ಎಷ್ಟು ಜಾಗ ಉಳಿದಿದೆ ಎಂಬ ಅಂದಾಜು ಸಿಗುತ್ತದೆ. ಕ್ಷಿತಿಜ ಕಾಣದಿದ್ದರೂ ಪರವಾಗಿಲ್ಲ. ಕೋನ ಹೊಂದಿದ ಮೇಲೆ ಬ್ರ್ಯಾಕೆಟ್ ಅಡಿಗೆ ನೀರು ತಡೆಯುವ ಬ್ಯುಟೈಲ್ ಟೇಪ್ ಇಟ್ಟು, ಒಳಗೆ ಚೌಕಟ್ಟು ಇರುವಲ್ಲೇ ಸ್ಕ್ರೂ ಬಿಗಿದು, ಸುತ್ತ ಸೀಲ್ ಮಾಡಿದೆ. ಹೊಸದಾಗಿ ಕೊರೆದದ್ದು ಈ ಸ್ಕ್ರೂಗಳಷ್ಟೇ.

ಸಾಮಾನಿಗೆ ಇನ್ನೂರು ಡಾಲರ್ ಒಳಗೇ ಮುಗಿಯಿತು.

ಕೆಳಗೆ ನೋಡುವ ಕ್ಯಾಮೆರಾಗೆ ಮೇಲಿನ ಕೊಂಬೆ ಕಾಣುವುದಿಲ್ಲ. ಇದನ್ನು ಜಾಸ್ತಿ ಒತ್ತಿ ಹೇಳಬೇಕು. ಕ್ಯಾಂಪರಿನ ಅತಿ ಎತ್ತರದ ಭಾಗ ಚಾವಣಿಯ ಏಸಿ. ಪೈನ್ ಮರದ ತಗ್ಗು ಕೊಂಬೆ ಅದಕ್ಕೆ ತಾಗಿದರೆ ಪರದೆಯಲ್ಲಿ ಸುಳಿವೇ ಸಿಗುವುದಿಲ್ಲ. ನಮ್ಮೂರ ಕೆಎಸ್‌ಆರ್‌ಟಿಸಿ ಬಸ್ಸು ರಿವರ್ಸ್ ತೆಗೆಯುವಾಗ ಕಂಡಕ್ಟರ್ ಇಳಿದು, ಹಿಂದೆ ನಿಂತು ಸೀಟಿ ಊದುತ್ತಾನಲ್ಲ, ಆ ಪದ್ಧತಿಯನ್ನು ನಾವು ಬಿಟ್ಟಿಲ್ಲ. ಕ್ಯಾಂಪ್ ಜಾಗಕ್ಕೆ ಬಂದ ತಕ್ಷಣ ಗಾಡಿ ನಿಲ್ಲಿಸಿ ಇಬ್ಬರೂ ಇಳಿಯುತ್ತೇವೆ. ಸುತ್ತ ನಡೆದು, ತಲೆಯೆತ್ತಿ ನೋಡುತ್ತೇವೆ. ಆಮೇಲೆ ಅವಳು ನನ್ನ ಪಕ್ಕದ ಕನ್ನಡಿಗೆ ಕಾಣುವಲ್ಲಿ ನಿಲ್ಲುತ್ತಾಳೆ, ಕೊಂಬೆ ಅವಳ ಪಾಲು, ನೆಲ ಕ್ಯಾಮೆರಾ ಪಾಲು.

ರಾತ್ರಿ ಕ್ಯಾಮೆರಾದ ಇನ್‌ಫ್ರಾರೆಡ್ ದೀಪ ಹತ್ತಿರಕ್ಕಷ್ಟೇ ಸಾಕು. ಕ್ಯಾಂಪರಿನ ಹಿಂಬಾಗಿಲ ದೀಪ ಹಾಕಿಕೊಂಡರೆ ಚಿತ್ರ ತುಂಬ ಸ್ಪಷ್ಟವಾಗುತ್ತದೆ.

ನೆವಾಡಾದ ಮಣ್ಣುದಾರಿಯಲ್ಲಿ ಓಡುವ ಗಾಡಿಯ ಬೆನ್ನಿಗೆ ಧೂಳು ಎಳೆದುಕೊಳ್ಳುತ್ತದೆ. ಸಂಜೆಗೆ ಲೆನ್ಸ್ ಮೇಲೆ ಒಂದು ಪದರ ಕೂತಿರುತ್ತದೆ. ಹಿಂದಿನ ಏಣಿ ಹತ್ತಿ ಒದ್ದೆ ಬಟ್ಟೆಯಲ್ಲಿ ಒರೆಸುತ್ತೇನೆ. ಹತ್ತಿದ ಮೇಲೆ ಬ್ರ್ಯಾಕೆಟ್ಟಿನ ಸೀಲೂ ನೋಡಿ ಬರುತ್ತೇನೆ. ಎಲ್ಲಾದರೂ ಬಿರುಕು ಕಂಡರೆ ಅದರ ಮೇಲೆ ಡೈಕಾರ್ ಹಾಕುತ್ತೇನೆ, ಮುಂದಿನ ಮಳೆಗೆ ಮುಂಚೆ.