ಸಂಡೂರಿನ ಕರಿಕಲ್ಲಿಗೆ ಒರೆ ಹಚ್ಚದೆ ಹೆಸರಿಡಬೇಡಿ

ನಮ್ಮನೆ ಶೋಕೇಸಿನಲ್ಲಿ ಒಂದು ಕರಿಕಲ್ಲು ‘ಮ್ಯಾಂಗನೀಸ್’ ಅನ್ನೋ ಚೀಟಿ ಹಚ್ಚಿಕೊಂಡು ಒಂದು ವರ್ಷ ಕೂತಿತ್ತು. ಕೊಟ್ಟವರು ಸಂಡೂರಿನ ಮೈನ್ಸ್‌ನಲ್ಲಿ ದುಡಿದ ನಮ್ಮ ಮಾವ. ಚೀಟಿ ಬರೆದವನು ನಾನು. ಬಚ್ಚಲು ರಿಪೇರಿಯಲ್ಲಿ ಉಳಿದ ಟೈಲ್ಸ್ ತುಂಡಿಗೆ ಒಂದು ದಿನ ಸುಮ್ನೆ ಉಜ್ಜಿದೆ. ಕೆಮ್ಮಣ್ಣಿನ ಬಣ್ಣದ ಗೆರೆ ಬಂತು. ಅದು ಹೆಮಟೈಟ್, ಕಬ್ಬಿಣದ ಅದಿರು!

ಸಂಡೂರಿನ ಗುಡ್ಡಗಳಲ್ಲಿ ಕಬ್ಬಿಣ, ಮ್ಯಾಂಗನೀಸ್ ಎರಡೂ ಇವೆ. ಎರಡೂ ಕಪ್ಪಗೆ, ಎರಡೂ ಭಾರ. ಮೇಲಿನ ಬಣ್ಣ ನಂಬಿದರೆ ಕೆಟ್ಟಿರಿ.

ಟೈಲ್ಸ್‌ನ ಹೊಳಪಿಲ್ಲದ ಹಿಂಬದಿಯನ್ನು ತೊಳೆದು ಒಣಗಿಸಿ. ಕಲ್ಲಿನ ಹೊಸದಾಗಿ ಒಡೆದ ಮೂಲೆಯನ್ನು ಒತ್ತಿ ಎಳೆಯಿರಿ. ಕೆಂಪು ಗೆರೆ ಬಂದರೆ ಹೆಮಟೈಟ್. ಹಳದಿ ಮಿಶ್ರಿತ ಕಂದು ಬಂದರೆ ಗೋಥೈಟ್ ಅನ್ನೋ ಇನ್ನೊಂದು ಕಬ್ಬಿಣದ ಅದಿರು. ಕಪ್ಪು ಗೆರೆ ಬಂದು, ಆಯಸ್ಕಾಂತವೂ ಗಟ್ಟಿಯಾಗಿ ಅಂಟಿದರೆ ಮ್ಯಾಗ್ನಟೈಟ್, ಅದೂ ಕಬ್ಬಿಣದ ಅದಿರೇ. ಅಂಟದಿದ್ದರೆ ಮ್ಯಾಂಗನೀಸ್ ಅದಿರು ಇರಬಹುದು. ಅದರಲ್ಲಿ ಪೈರೋಲುಸೈಟ್ ಆದರೆ ಬೆರಳಿಗೆ ಮಸಿ ಹತ್ತುತ್ತದೆ, ಸಿಲೋಮಿಲೇನ್ ಗಟ್ಟಿ. ಗೆರೆಯೇ ಮೂಡದೆ ಟೈಲ್ಸೇ ಗೀಚಿಹೋದರೆ ಅಲ್ಲಿ ಬೆಣಚು ಜಾಸ್ತಿ ಇದೆ. ಕೆಂಪು, ಬೂದು ಪಟ್ಟೆಗಳ ಕಲ್ಲಿನಲ್ಲಿ ಹೀಗಾಗುತ್ತದೆ. ಆ ಪಟ್ಟೆಗಳು ಸುಮಾರು 270 ಕೋಟಿ ವರ್ಷ ಹಿಂದೆ ಸಮುದ್ರದ ತಳದಲ್ಲಿ ಕೂತವು. ಅದಿರಾಗಿ ಮಾರೋಕೆ ಸಪ್ಪೆ, ನೋಡೋಕೆ ಮಾತ್ರ ಅದೇ ಚೆಂದ.

‘ಬ್ಲೂ ಡಸ್ಟ್’ ಅನ್ನೋ ಪುಡಿ ಅದಿರಂತೂ ಹೆಸರಲ್ಲೇ ಮೋಸ. ನೀಲಿ ಛಾಯೆಯ ಬೂದು ಪುಡಿ, ಉಜ್ಜಿದರೆ ಕೆಂಪು. ಅದೂ ಹೆಮಟೈಟೇ.

ಇನ್ನು ತೂಕ. ಅಡುಗೆಮನೆ ತಕ್ಕಡಿಯಲ್ಲಿ ನನ್ನ ಕಲ್ಲು 310 ಗ್ರಾಂ. ನೀರಿನ ಪಾತ್ರೆ ಇಟ್ಟು ತಕ್ಕಡಿಯನ್ನು ಸೊನ್ನೆಗೆ ತಂದೆ. ಕಲ್ಲಿಗೆ ದಾರ ಕಟ್ಟಿ, ತಳಕ್ಕೆ ತಾಗದಂತೆ ಪೂರ್ತಿ ಮುಳುಗಿಸಿ ಹಿಡಿದೆ. 62 ತೋರಿಸಿತು, ಅದು ಕಲ್ಲಿನಷ್ಟೇ ಜಾಗದ ನೀರಿನ ತೂಕ. 310 ಭಾಗಿಸು 62, ಅಂದರೆ ಕಲ್ಲು ನೀರಿಗಿಂತ 5 ಪಟ್ಟು ಭಾರ. ಬೆಣಚಾದರೆ 2.65 ಅಷ್ಟೇ. ಅದಿರೋ ಬರೀ ಕಲ್ಲೋ ಅನ್ನೋದನ್ನು ತೂಕ ಹೇಳುತ್ತದೆ. ಕಬ್ಬಿಣವೋ ಮ್ಯಾಂಗನೀಸೋ ಅನ್ನೋದಕ್ಕೆ ಮತ್ತೆ ಒರೆಯೇ ಬೇಕು.

ಕಲ್ಲು ಹುಡುಕಿಕೊಂಡು ಹಳೇ ಗಣಿ ಗುಂಡಿಗೆ ಮಾತ್ರ ಇಳಿಯಬೇಡಿ. ಅಂಚು ಯಾವಾಗ ಕುಸಿಯುತ್ತದೋ ಹೇಳೋಕಾಗಲ್ಲ, ನಿಂತ ನೀರಿನ ಆಳವೂ ತಿಳಿಯಲ್ಲ. ಅನುಮತಿ ಇಲ್ಲದೆ ಅಲ್ಲಿಂದ ಕಲ್ಲು ತರಲೂಬೇಡಿ. ನಮ್ಮ ಮಾವನಂಥವರ ಮನೆ ಅಟ್ಟದ ಮೇಲೇ ಬೇಕಾದಷ್ಟು ಸಿಗುತ್ತವೆ.

ಚೀಟಿಯಲ್ಲಿ ಊರು, ಒರೆಯ ಬಣ್ಣ, ತೂಕ ಬರೆಯಿರಿ. ಹೆಸರನ್ನು ಪೆನ್ಸಿಲ್‌ನಲ್ಲಿ.