ತಾಮ್ರದ ತಂತಿ ಹೋಯಿತು, ನಂಬರ್ ಉಳಿಯಿತು

"ಇಂಟರ್‌ನೆಟ್ ಫೋನು ಅಂದ್ರೆ ಆಟದ ಸಾಮಾನು ಭಟ್ರೇ, ಲಾಡ್ಜಿಗೆಲ್ಲ ಆಗೋದಲ್ಲ" ಎಂದು ನಮ್ಮ ಇಪಿಎಬಿಎಕ್ಸ್ (ರೂಮಿನ ಫೋನುಗಳನ್ನು ಹೊರಲೈನಿಗೆ ಜೋಡಿಸುವ ಪೆಟ್ಟಿಗೆ) ರಿಪೇರಿಯವರು ಹೇಳಿ ಎರಡು ವರ್ಷವಾಯಿತು. ಈಗ ಸಾಗರದ ನಮ್ಮ ಲಾಡ್ಜಿನ 14 ರೂಮಿನ ಫೋನೂ ಅದರ ಮೇಲೇ ನಡೆಯುತ್ತಿದೆ. ಹೋದ ತಿಂಗಳು ಅವರೇ ಫೋನ್ ಮಾಡಿ ಹಳೇ ಫೋನು-ಲೈನನ್ನು ಇಂಟರ್‌ನೆಟ್ ಫೋನಿಗೆ ಜೋಡಿಸುವ ಗೇಟ್‌ವೇ ಪೆಟ್ಟಿಗೆಯ ಸೆಟಿಂಗ್ ಕೇಳಿದರು!

ಬದಲಾಯಿಸಲು ಕಾರಣ ಸಿಡಿಲು. ಮಲೆನಾಡಿನವರಿಗೆ ಹೇಳಬೇಕಿಲ್ಲ. ಏಪ್ರಿಲ್, ಮೇ ಗುಡುಗಿಗೆ ತಾಮ್ರದ ತಂತಿ ಹಿಡಿದೇ ಅದು ಒಳಗೆ ಬರುತ್ತದೆ. ವರ್ಷಕ್ಕೊಮ್ಮೆ ಇಪಿಎಬಿಎಕ್ಸಿನ ಕಾರ್ಡ್ ಸುಟ್ಟು ನಾಲ್ಕೈದು ಸಾವಿರ ಖರ್ಚು. ಮಳೆಗಾಲದಲ್ಲಿ ಜಾಯಿಂಟಿಗೆ ನೀರು ಇಳಿದು ಬರೀ ಗೊರಗೊರ. ಆದರೆ ನಂಬರ್ ಬಿಡುವ ಹಾಗಿಲ್ಲ. ಜೋಗಕ್ಕೆ ಗಾಡಿ ಬಿಡುವವರ ಡೈರಿಯಲ್ಲೆಲ್ಲ ಅದೇ 08183ರ ನಂಬರ್ ಇದೆ.

ಮೊದಲ ಸಲ ದುಡ್ಡು ಹೋಯಿತು. ಹಳೇ ಬ್ರಾಡ್‌ಬ್ಯಾಂಡ್ ಮೇಲೆ ಒಂದು ಕಂಪನಿಯ ಇಂಟರ್‌ನೆಟ್ ನಂಬರ್ ತಗೊಂಡೆ. ಆರು ತಿಂಗಳ ಬಾಡಿಗೆ ಮುಂಗಡ, ಸುಮಾರು 6,000. ಒಂದು ಕರೆಗೆ ಎರಡೂ ಕಡೆ 80-90 ಕೆಬಿಪಿಎಸ್ ವೇಗ ಸಾಕು, ನಿಜ. ಆದರೆ ರೂಮಿನಲ್ಲಿ ಯಾರೋ ಜೋಗದ ಫೋಟೋ ಅಪ್‌ಲೋಡ್ ಮಾಡಿದರೆ ನನ್ನ ಮಾತು ತುಂಡು ತುಂಡು. ಜೊತೆಗೆ ಫೋನ್ ಮಾಡಿದವರು ಹೇಳಿದ್ದು ನನಗೆ ಕೇಳುತ್ತದೆ, ನಾನು ಹೇಳಿದ್ದು ಅವರಿಗಿಲ್ಲ. ರೂಟರಿನಲ್ಲಿ ಸಿಪ್ ಎಎಲ್‌ಜಿ ಅನ್ನೋ, ಇಂಟರ್‌ನೆಟ್ ಕರೆಯ ಮಾಹಿತಿಯನ್ನು ನಡುವೆ ತಿದ್ದುವ ಸೌಲಭ್ಯ ಆಫ್ ಮಾಡಬೇಕಿತ್ತು ಅಂತ ಗೊತ್ತಾಗುವಷ್ಟರಲ್ಲಿ ಮುಂಗಡ ಮುಗಿದಿತ್ತು.

ಆಮೇಲೆ ಫೈಬರ್ ಬಂತು, ಹಳೇ ನಂಬರನ್ನು ಅದರ ಮೇಲೇ ಕೊಟ್ಟರು. ಮೋಡೆಮ್ಮಿನ ಫೋನ್ ಪೋರ್ಟನ್ನು ನೇರ ಇಪಿಎಬಿಎಕ್ಸಿಗೆ ಸಿಕ್ಕಿಸಿದೆ. ಮುಗೀತು ಅಂದುಕೊಂಡೆ. ಮರುದಿನ ಬೆಳಿಗ್ಗೆಯಿಂದ ಲೈನ್ ಎಂಗೇಜ್. ಆ ಕಡೆಯವರು ಫೋನ್ ಇಟ್ಟದ್ದು ಹಳೇ ಪೆಟ್ಟಿಗೆಗೆ ತಿಳಿಯುತ್ತಲೇ ಇರಲಿಲ್ಲ. ಮೂರು ದಿನ ಬುಕಿಂಗ್ ಇಲ್ಲ, ಅದೂ ಅಕ್ಟೋಬರ್ ರಜೆಯಲ್ಲಿ.

ಆಗಲೇ ಇಪಿಎಬಿಎಕ್ಸ್ ಕಿತ್ತು ರಾಸ್ಪ್‌ಬೆರಿ ಪೈ ಅನ್ನೋ ಪುಟ್ಟ ಕಂಪ್ಯೂಟರ್ ಮೇಲೆ ಆಸ್ಟರಿಸ್ಕ್ (ಇಪಿಎಬಿಎಕ್ಸಿನ ಕೆಲಸ ಮಾಡುವ ಸಾಫ್ಟ್‌ವೇರ್) ಹಾಕಿದ್ದು. ಅದರ ಮುಂದೆ, ಹೊರಲೈನ್ ಸಿಕ್ಕಿಸಲು, ಒಂದು ಪೋರ್ಟಿನ ಎಫ್‌ಎಕ್ಸ್‌ಒ ಗೇಟ್‌ವೇ. ಆ ಕಡೆಯವರು ಫೋನ್ ಇಟ್ಟಾಗ ಕೇಳುವ ನಮ್ಮ ದೇಶದ ಬಿಝಿ ಟೋನನ್ನು ಅದಕ್ಕೆ ಕಲಿಸಿದೆ: 400 ಹರ್ಟ್ಸ್, ಮುಕ್ಕಾಲು ಸೆಕೆಂಡ್ ಸದ್ದು, ಮುಕ್ಕಾಲು ಸೆಕೆಂಡ್ ಮೌನ. ಅಷ್ಟೇ, ಕರೆ ತಾನಾಗಿ ಕಟ್ ಆಗತೊಡಗಿತು. ರೂಮುಗಳಿಗೆ ಹೊಸ ಕೇಬಲ್ ಎಳೆಯಲಿಲ್ಲ. ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಿ ರೂಮಿನ ಫೋನುಗಳನ್ನು ಸಿಕ್ಕಿಸಲು 8 ಪೋರ್ಟಿನ ಹಳೇ ಗೇಟ್‌ವೇ ಎರಡು ಸಿಕ್ಕವು, ಚೌಕಾಸಿ ಮಾಡಿ ಜೋಡಿಗೆ 11,000. ಎಲ್ಲ ಸೇರಿ 28-30 ಸಾವಿರ ಆಗಿರಬೇಕು. ಹೊಸ ಇಪಿಎಬಿಎಕ್ಸಿಗೆ ಕೊಟೇಶನ್ 85 ಸಾವಿರ ಇತ್ತು.

ಕರೆಂಟ್ ಹೋದಾಗ ನಿಜವಾದ ಪರೀಕ್ಷೆ. ತಾಮ್ರದ ಲೈನಿಗೆ ಎಕ್ಸ್‌ಚೇಂಜಿನಿಂದಲೇ 48 ವೋಲ್ಟ್ ಬರುತ್ತಿತ್ತು, ನಮಗೆ ಅದರ ಬೆಲೆ ಗೊತ್ತಿರಲಿಲ್ಲ. ಮೋಡೆಮ್ಮಿಗೆ 12 ವೋಲ್ಟಿನ ಪುಟ್ಟ ಯುಪಿಎಸ್ ಹಾಕಿದೆ, ಉಳಿದದ್ದು ಇನ್ವರ್ಟರ್ ಮೇಲೆ. ಇನ್ನೊಂದು ಮಾತು: ಫೈಬರ್ ಕೇಬಲ್ಲಿನ ಉಕ್ಕಿನ ಆಧಾರ ತಂತಿಯನ್ನು ಗೋಡೆಯ ಹೊರಗೇ ಕತ್ತರಿಸಿ. ಇಲ್ಲದಿದ್ದರೆ ಸಿಡಿಲಿಗೆ ಮತ್ತೆ ದಾರಿ ಮಾಡಿಕೊಟ್ಟ ಹಾಗೆ.

ಸೊನ್ನೆಯದ್ದೂ ಒಂದು ತಲೆನೋವು. 2021ರ ಜನವರಿ 15ರಿಂದ ಲ್ಯಾಂಡ್‌ಲೈನಿನಿಂದ ಮೊಬೈಲಿಗೆ ಮೊದಲು ಸೊನ್ನೆ ಒತ್ತಬೇಕಲ್ವಾ? ನಮ್ಮಲ್ಲಿ ಹೊರಲೈನ್ ಹಿಡಿಯಲೂ ಸೊನ್ನೆ. ಎರಡು ಸೊನ್ನೆ ಯಾರು ಒತ್ತುತ್ತಾರೆ? 6ರಿಂದ 9ರವರೆಗಿನ ಅಂಕಿಯಲ್ಲಿ ಶುರುವಾಗುವ ಹತ್ತಂಕಿ ನಂಬರ್ ಒತ್ತಿದರೆ ಆಸ್ಟರಿಸ್ಕೇ ಸೊನ್ನೆ ಸೇರಿಸಿಕೊಳ್ಳುತ್ತದೆ. ಎರಡು ಸಾಲಿನ ಕೆಲಸ.

ಮಾತಿನ ಪ್ರತಿಧ್ವನಿ ಹೇಗೆ ಕಳೆದೆ ಅಂತ ಕೇಳಬೇಡಿ. ಆ ಗೇನ್ (ದನಿಯ ಮಟ್ಟ) ಲೆಕ್ಕಕ್ಕೆ ಎರಡು ರಾತ್ರಿ ನಿದ್ದೆ ಕೊಟ್ಟಿದ್ದೇನೆ, ಸುಮ್ನೆ ಬರೆದುಬಿಡಲು ಮನಸ್ಸಿಲ್ಲ. ಪೈಗೆ ಮೆಮೊರಿ ಕಾರ್ಡ್ ಹಾಕಲೇಬೇಡಿ. ಲಾಗ್ ಬರೆದೂ ಬರೆದೂ ನನ್ನದು ಎರಡು ಸತ್ತವು. ಈಗ ಎಸ್‌ಎಸ್‌ಡಿ.

ಬೆಳಗಿನ ವೇಕಪ್ ಕಾಲಿಗೆ ನನ್ನ ಹೆಂಡತಿಯ ದನಿಯಲ್ಲಿ "ಕಾಫಿ ರೆಡಿ ಇದೆ" ಅಂತ ರೆಕಾರ್ಡ್ ಮಾಡಿದ್ದೇನೆ. ಕೆಲವರು ಅದಕ್ಕೇ ಉತ್ತರ ಕೊಟ್ಟು ಎರಡು ಕಾಫಿ ಹೇಳುತ್ತಾರೆ. ಅಪ್ಪನ ಕಾಲದ, ಬೆರಳು ಹಾಕಿ ತಿರುಗಿಸುವ ಕಪ್ಪು ಫೋನನ್ನೂ ಜೋಡಿಸಲು ನೋಡಿದೆ. ಈ ಗೇಟ್‌ವೇಗೆ ಅದರ ಡಯಲ್ ತಿರುಗಿಸಿದಾಗ ಹೋಗುವ ಪಲ್ಸ್ ಅರ್ಥವಾಗುವುದಿಲ್ಲ. ಕರೆ ಬಂದರೆ ಗಂಟೆ ಮಾತ್ರ ಭರ್ಜರಿಯಾಗಿ ಹೊಡೆಯುತ್ತದೆ. ಸದ್ಯಕ್ಕೆ ರಿಸೆಪ್ಶನ್ನಿನಲ್ಲಿ ಬರುವ ಕರೆಗಷ್ಟೇ ಅದನ್ನು ಇಟ್ಟಿದ್ದೇನೆ.